ನಾನು ತರದೆ ಬಿಟ್ಟ ಹಾಲ್ ಟಿಕೆಟ್

ನನ್ನ ತಂಗಿಯ ಹಾಲ್ ಟಿಕೆಟ್ ಬಂದಿತ್ತು. ನಾನದನ್ನು ಕಣ್ಣಾರೆ ಕಂಡಿದ್ದೆ, ಒಂದು ಮೊಳ ದೂರದಲ್ಲಿ, ಬೇರೆಯವರ ಕೈಯಲ್ಲಿ. ಅದನ್ನು ತರದೆ ಮನೆಗೆ ಬಂದೆ. ಬಂದು, ‘ಏನೂ ಬಂದಿಲ್ಲ’ ಅಂದೆ. ಅವಳು ಎರಡು ವರ್ಷದಿಂದ ಓದಿಕೊಳ್ಳುತ್ತಿದ್ದ ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಗೆ ಆಗ ಇನ್ನೂ ಎಂಟು ದಿನ ಉಳಿದಿತ್ತು. ಆ ಎಂಟು ದಿನ ನಾನು ಬಾಯಿ ಬಿಡಲಿಲ್ಲ. ಮುಂದಿನ ನಾಲ್ಕು ವರ್ಷವೂ ಬಿಡಲಿಲ್ಲ.

ಇದನ್ನು ಬರೆಯಲು ಕೂತಾಗಲೆಲ್ಲ ಮೊದಲು ಬರುವುದು ಸಿಟ್ಟು. ಪತ್ರ ಹಿಡಿದು ನಿಂತಿದ್ದ ಆ ಮನುಷ್ಯನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಸಾಯುವ ತನಕ ಇರುತ್ತದೆ. ಆ ಸಿಟ್ಟು ನ್ಯಾಯದ ಸಿಟ್ಟು ಎಂದು ಯಾವ ಕಟ್ಟೆಯ ಮೇಲೆ ನಿಂತಾದರೂ ಹೇಳುತ್ತೇನೆ. ಆದರೆ ನ್ಯಾಯದ ಸಿಟ್ಟನ್ನೇ ಗೋಡೆ ಮಾಡಿಕೊಂಡು ಅದರ ಹಿಂದೆ ಬಚ್ಚಿಟ್ಟುಕೊಂಡವನು ನಾನು. ಗೋಡೆ ಕಟ್ಟುವುದು ನನ್ನ ಕಸುಬು. ಈ ಗೋಡೆಯನ್ನೂ ಗಟ್ಟಿಯಾಗಿಯೇ ಕಟ್ಟಿದ್ದೆ.

ನಾನು ಓದಿದ್ದು ನಾಲ್ಕನೇ ಇಯತ್ತೆ, ಯಾದಗಿರಿ ಕಡೆಯ ನಮ್ಮ ಊರಿನ ಕನ್ನಡ ಶಾಲೆಯಲ್ಲಿ. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಆಳು ಕೂಡಿಸುವ ಒಬ್ಬ ಮುಕಾದಮ ನಮ್ಮೂರಿನ ಏಳೆಂಟು ಮನೆಯವರನ್ನು ಪುಣೆಯ ಕಟ್ಟಡ ಕೆಲಸಕ್ಕೆ ಕರೆತಂದ. ನನಗೆ ಹತ್ತು ವರ್ಷ, ತಂಗಿಗೆ ನಾಲ್ಕು. ಅಪ್ಪ ಸೈಟಿನ ವಾಚ್‌ಮನ್ ಆದ. ಅವ್ವ ತಲೆಯ ಮೇಲೆ ಇಟ್ಟಿಗೆ ಹೊತ್ತಳು. ನಾನು ಮೊದಲು ನೀರು ಹೊತ್ತೆ, ಆಮೇಲೆ ಕಲಸಿದ ಸಿಮೆಂಟು ಹೊತ್ತೆ, ಹದಿನೆಂಟಕ್ಕೆ ಕರಣಿ ಹಿಡಿದು ಗೌಂಡಿಯಾದೆ. ಶಾಲೆಗೆ ಹೋದವಳು ತಂಗಿ ಒಬ್ಬಳೇ. ಮುನ್ಸಿಪಾಲ್ಟಿಯ ಮರಾಠಿ ಶಾಲೆ. ಕನ್ನಡದ ಅಕ್ಷರ ನಾನೇ ಕಲಿಸಿದೆ, ಇಟ್ಟಿಗೆ ಚೂರಿನಿಂದ ಗೋಡೆಯ ಮೇಲೆ ಬರೆದು.

ಪುಣೆಯಲ್ಲಿ ನಾವು ಒಳ್ಳೊಳ್ಳೆಯ ಕಟ್ಟಡಗಳಲ್ಲಿ ವಾಸ ಮಾಡಿದ್ದೇವೆ, ಬಾಗಿಲು ಕೂಡಿಸುವ ತನಕ. ಬುನಾದಿ ತೋಡುವಾಗ ಹಿತ್ತಲಲ್ಲಿ ತಗಡಿನ ಶೆಡ್ ಹಾಕಿಕೊಳ್ಳುತ್ತಿದ್ದೆವು. ಸ್ಲ್ಯಾಬ್ ಬಿದ್ದ ಮೇಲೆ ಮಳೆಗಾಲದಲ್ಲಿ ಕೆಳಗಿನ ಮಜಲಿಗೆ ಬರುತ್ತಿದ್ದೆವು. ಕಿಟಕಿಗೆ ಗಾಜು ಬಂದ ದಿನ ಮತ್ತೆ ಶೆಡ್ಡಿಗೆ. ಜನ ಬಂದು ಪೂಜೆ ಮಾಡಿಸಿ ಹಾಲು ಉಕ್ಕಿಸಿದ ವಾರದೊಳಗೆ ಆ ಶೆಡ್ಡೂ ಇರುತ್ತಿರಲಿಲ್ಲ, ನಾವೂ ಇರುತ್ತಿರಲಿಲ್ಲ.

ತಂಗಿ ವಕೀಲಳಾಗುತ್ತೇನೆ ಎಂದು ಮೊದಲು ಹೇಳಿದ್ದು ಎಂಟನೇ ಇಯತ್ತೆಯಲ್ಲಿ. ಆ ವರ್ಷ ಅವ್ವ ಪರಾಂಚಿಯಿಂದ ಬಿದ್ದು ಎಡಗೈ ಮುರಿದುಕೊಂಡಳು. ಪರಾಂಚಿ ಅಂದರೆ ಗೋಡೆಗೆ ಸಿಮೆಂಟು ಮೆತ್ತಿ ಗಿಲಾವು ಮಾಡುವಾಗ ನಿಲ್ಲಲು ಕಟ್ಟುವ ಬಿದಿರಿನ ಅಟ್ಟ. ಅದರ ಹಗ್ಗ ಕೊಳೆತಿದೆ ಎಂದು ಅಪ್ಪ ಎರಡು ಸಲ ಹೇಳಿದ್ದ. ಮೂರನೆಯ ದಿನ ಮುಕಾದಮ ಒಂದು ಕಾಗದ, ಒಂದು ಮಸಿಯ ಡಬ್ಬಿ ಹಿಡಿದು ಬಂದ. ಅವ್ವ ಬಲಗೈ ಹೆಬ್ಬೆರಳು ಚಾಚಿಯೂ ಚಾಚಿದ್ದಳು. ತಂಗಿ ನಡುವೆ ಕೈ ಹಾಕಿ ಕಾಗದ ಎತ್ತಿಕೊಂಡು ಓದಿದಳು.

“ಅಪ್ಪಾ, ಇದರಾಗ ಅವ್ವ ಶೆರೆ ಕುಡದು ಬಿದ್ದಾಳ ಅಂತ ಬರದಾರ.”

ಅವ್ವ ನರಳುವುದು ಬಿಟ್ಟು ನಕ್ಕಳು. “ಕುಡದಿದ್ರ ಇಷ್ಟು ನೋವರ ಆಗ್ತಿದ್ದಿಲ್ಲವಾ.”

“ಅದು ಬರೀ ರೀತಿಗಿ ಬರಿಯೋದು,” ಎಂದ ಮುಕಾದಮ. “ಸಣ್ಣ ಹುಡುಗಿ ಮಾತು ಕೇಳ್ತೀರೇನು?”

“ಖರೇ ಏನಾಗ್ಯದ ಅದು ಬರೀರಿ. ಅವ್ವ ಒತ್ತತಾಳ,” ಎಂದಳು ತಂಗಿ.

ಅವನು ಕಾಗದ ಮಡಚಿಕೊಂಡು ಹೋದ. ಮತ್ತೆ ತರಲಿಲ್ಲ. ನಮಗೇನೂ ಸಿಗಲಿಲ್ಲ, ಅವ್ವನ ಕೈ ಸೊಟ್ಟಗೇ ಕೂಡಿಕೊಂಡಿತು. ಆದರೆ ನನ್ನ ಅವ್ವ ಕುಡುಕಿ ಎಂದು ಹೇಳುವ ಕಾಗದ ಈ ಭೂಮಿಯ ಮೇಲೆ ಹುಟ್ಟಲಿಲ್ಲ. ಹದಿಮೂರು ವರ್ಷದ ಹುಡುಗಿ ಅದನ್ನು ತಡೆದಿದ್ದಳು. ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಬಂತು. ತಂಗಿ ಓದದೆ ಯಾರೂ ಎಲ್ಲಿಯೂ ಬೆರಳು ಒತ್ತುವ ಹಾಗಿಲ್ಲ, ಸಹಿ ಮಾಡುವ ಹಾಗಿಲ್ಲ.

ಹನ್ನೊಂದನೆಯದಕ್ಕೆ ಹೋದಾಗ ಅವಳ ಕಾಲೇಜಿನ ಬಾಯಿಯೊಬ್ಬರು (ಅಲ್ಲಿ ಪಾಠ ಹೇಳುವ ಹೆಂಗಸರಿಗೆ ಬಾಯಿ ಅನ್ನುತ್ತಾರೆ), ಹನ್ನೆರಡು ಮುಗಿಸಿ ನೇರ ಐದು ವರ್ಷ ಕಾನೂನು ಓದುವ ದಾರಿ ಈಗ ಬಂದಿದೆ ಎಂದು ಹೇಳಿದರು. ಅದಕ್ಕೊಂದು ಪ್ರವೇಶ ಪರೀಕ್ಷೆ ಇತ್ತು. ಇಂಗ್ಲಿಷು, ಸಾಮಾನ್ಯ ಜ್ಞಾನ, ಒಂದಿಷ್ಟು ಲೆಕ್ಕ, ಆಮೇಲೆ ಒಂದು ಸಂಗತಿ ಕೊಟ್ಟು ತಪ್ಪು ಯಾರದೆಂದು ಕೇಳುವ ಪ್ರಶ್ನೆಗಳು. ಆಗ ನಾವು ಕೋಥರೂಡದಲ್ಲಿ ನಾಲ್ಕು ಮಜಲಿನ ಒಂದು ಕಟ್ಟಡ ಕಟ್ಟುತ್ತಿದ್ದೆವು. ಅಲ್ಲೇ ಅವಳ ಓದು ಶುರುವಾಯಿತು.

ಬೇರೆ ಮಕ್ಕಳಿಗೆ ಕ್ಲಾಸುಗಳಿದ್ದವು, ಅಂಚೆಯಲ್ಲಿ ಬರುವ ಪಾಠಗಳಿದ್ದವು. ಇವಳ ಸಾಮಾನ್ಯ ಜ್ಞಾನ ಬಣ್ಣ ಹಚ್ಚುವವರಿಂದ ಬಂತು. ನೆಲ ಕೆಡಬಾರದೆಂದು ಅವರು ಇಂಗ್ಲಿಷ್ ಪೇಪರು ಹಾಸುತ್ತಿದ್ದರು. ಕಾಲೇಜಿನಿಂದ ಬಂದವಳೇ ಅವುಗಳ ಮೇಲೆ ಮೊಣಕಾಲೂರಿ, ಡಬ್ಬಿಗಳನ್ನು ಸರಿಸುತ್ತ ಸರಿಸುತ್ತ ಓದುತ್ತಿದ್ದಳು.

“ಅಣ್ಣಾ, ಈ ಮಂತ್ರಿ ರಾಜೀನಾಮೆ ಕೊಟ್ಟಾನ.”

“ಯಾಕಂತ?”

“ಯಾಕ ಅನ್ನೋದು ಸುಣ್ಣದಾಗ ಹೋಗ್ಯದ.”

ಇಂಗ್ಲಿಷ್ ಶಬ್ದಗಳನ್ನು ಅವಳು ಗಿಲಾವು ಆಗದ ಗೋಡೆಗಳ ಮೇಲೆ ಸೀಮೆಸುಣ್ಣದ ಖಡುವಿನಿಂದ ಬರೆಯುತ್ತಿದ್ದಳು, ಎದುರಿಗೆ ಮರಾಠಿ ಅರ್ಥ. ಪುಸ್ತಕಕ್ಕಿಂತ ಗೋಡೆ ಮೇಲಂತೆ, ಹೋಗುತ್ತ ಬರುತ್ತ ಕಣ್ಣಿಗೆ ಬೀಳುತ್ತದಂತೆ. “ನಾಳಿ ಗಿಲಾವು ಮಾಡೋ ಗ್ವಾಡಿ ಬ್ಯಾಡ ಅಣ್ಣಾ, ಮುಂದಿನ ವಾರದ್ದು ಯಾವುದು ಹೇಳು,” ಎಂದು ಕೇಳಿಕೊಂಡು ಹೋಗಿ ಬರೆಯುತ್ತಿದ್ದಳು. ಗಿಲಾವಿನವರು ಆ ಖೋಲಿಗೆ ಬರುವುದರೊಳಗೆ ಅಷ್ಟೂ ಬಾಯಿಪಾಠ ಆಗಬೇಕು. ಅದು ಅವಳು ತನಗೆ ತಾನೇ ಹಾಕಿಕೊಂಡ ಗಡುವು. ಗಿಲಾವಿನವನು ನಾನೇ. ಒಂದು ದಿನ ತಡ ಮಾಡೆಂದು ಅವಳು ಎಂದೂ ಕೇಳಲಿಲ್ಲ. ಹೆಸರು ಬರೆಯುವುದನ್ನೂ ಹಾಗೇ ಮಾಡುತ್ತಿದ್ದಳು, ಪಟ್ಟಿಯ ಮೇಲ್ಗಡೆ ಇಂಗ್ಲಿಷಿನಲ್ಲಿ ದೊಡ್ಡದಾಗಿ. ಇಂಗ್ಲಿಷ್ ಬಾರದ ನನಗೂ ಅವಳ ಹೆಸರಿನ ಆಕಾರ ಗೊತ್ತಾದದ್ದು ಹಾಗೆ. ಆ ಕಟ್ಟಡದ ಎಷ್ಟೋ ಮನೆಗಳಲ್ಲಿ ಇವತ್ತು ದೇವರ ಫೋಟೋ ತೂಗುಹಾಕಿರುವ ಗೋಡೆಯೊಳಗೆ ನನ್ನ ತಂಗಿಯ ಹೆಸರಿದೆ.

ಲೆಕ್ಕದ ಪ್ರಶ್ನೆಗಳನ್ನು ನನ್ನ ಮೇಲೆ ಪ್ರಯೋಗ ಮಾಡುತ್ತಿದ್ದಳು.

“ಆರು ಮಂದಿ ಗೌಂಡ್ಯಾರು ಹತ್ತು ದಿನಕ್ಕ ಒಂದು ಗ್ವಾಡಿ ಕಟ್ಟಿದ್ರ, ಹನ್ನೆರಡು ಮಂದಿ ಎಷ್ಟು ದಿನಕ್ಕ ಕಟ್ಟತಾರ?”

“ಉಸುಕು ಬಂದದೇನು?”

“ಬಂದದ ಅಂತ ತಿಳಕೊ.”

“ಆರು ಮಂದಿ ಗ್ವಾಡಿಗಿ ಹನ್ನೆರಡು ಮಂದಿ ನಿಂತ್ರ ಕೈಗಿ ಕೈ ಬಡದು ಜಗಳ ಆಗತದ. ಹದಿನೈದು ದಿನ ಹಿಡಿ.”

“ಐದು ಅಣ್ಣಾ, ಐದು.”

“ಈ ಪ್ರಶ್ನೆ ತೆಗದಾಂವ ಒಂದು ದಿನರ ಕರಣಿ ಹಿಡದಾನೇನು?” ಎಂದು ನಾನು ರೇಗುತ್ತಿದ್ದೆ. ಅವಳು ನಗುತ್ತ ಐದು ಎಂದು ಬರೆದುಕೊಳ್ಳುತ್ತಿದ್ದಳು.

ಆದರೆ ತಪ್ಪು ಯಾರದು ಎನ್ನುವ ಪ್ರಶ್ನೆಗೆ ಅವಳು ನಗುತ್ತಿರಲಿಲ್ಲ. ಮಾಲಕನಿಗೆ ಏಣಿ ಮುರುಕೆಂದು ಗೊತ್ತಿತ್ತು, ಆಳಿಗೆ ಗೊತ್ತಿರಲಿಲ್ಲ, ಆಳು ಹತ್ತಿದ, ಬಿದ್ದ. ತಪ್ಪು ಯಾರದು? “ಬಿದ್ದಾಂವಂದೇ ಅಂತಾರ, ಬಿಡು,” ಎಂದೆ ನಾನು. “ಏನು ಅಂತಾರ ಅಂತ ಕೇಳಿಲ್ಲ ಅಣ್ಣಾ. ಏನು ಖರೇ ಅಂತ ಕೇಳ್ಯಾರ. ಗೊತ್ತಿದ್ದು ಹೇಳಲಾರದಾಂವಂದು ತಪ್ಪು.” ಎಷ್ಟು ಸಲೀಸಾಗಿ ಹೇಳಿದ್ದಳು ಅವತ್ತು. ಆ ಮಾತು ನನ್ನ ಮೇಲೇ ಬಂದು ಬೀಳುತ್ತದೆ ಎಂದು ನನಗೆ ಹೇಗೆ ಗೊತ್ತಿರಬೇಕು.

ಹನ್ನೆರಡನೆಯದರ ಪರೀಕ್ಷೆಗೆ ಮೊದಲೇ ಅರ್ಜಿ ಕಳಿಸಬೇಕಿತ್ತು. ಅದರಲ್ಲಿ ವಿಳಾಸ ಬರೆಯುವ ಜಾಗ ಬಂದಾಗ ತಂಗಿ, ತನ್ನ ಬಾಯಿಯವರ ಮನೆಯ ವಿಳಾಸ ಕೊಡುತ್ತೇನೆ, ಅವರು ಕೊಡು ಅಂದಿದ್ದಾರೆ ಎಂದಳು. ಅಪ್ಪನಿಗೆ ಅದು ಚುಚ್ಚಿತು.

“ಎರಡು ವರ್ಷ ಆತು ನಾ ಈ ಬಿಲ್ಡಿಂಗ್ ಕಾಯಲಕತ್ತೀನಿ. ಬುನಾದಿಗಿ ಕಾಯಿ ಒಡದಾಗ ಇಲ್ಲೇ ನಿಂತಿದ್ದೆ. ನಮಗೇನು ಮನಿ ಇಲ್ಲೇನು, ಮಂದಿ ಮನಿ ಹೆಸರು ಬರೀಲಕ?”

“ಹೌದು, ಇಲ್ಲಿದೇ ಬರಿ,” ಎಂದೆ ನಾನೂ. ತಂಗಿ ಸುಮ್ಮನೆ ಕಟ್ಟಡದ ಹೆಸರು ಬರೆದಳು. ನಮ್ಮ ಮಂದಿಯ ತಿಳಿವಳಿಕೆಯೇ ಹಾಗಿತ್ತು. ಊರಿಂದ ಬರುವ ಪತ್ರಗಳೆಲ್ಲ ಕಟ್ಟಡದ ಹೆಸರಿಗೇ ಬರುತ್ತಿದ್ದವು. ನಾವು ಬೇರೆ ಸೈಟಿಗೆ ಹೋದರೂ ನಮ್ಮ ಜಾಗಕ್ಕೆ ಬಂದ ವಾಚ್‌ಮನ್ ಅವನ್ನು ಪಂಪಿನ ಖೋಲಿಯ ಗೂಡಿನಲ್ಲಿ ಇಟ್ಟಿರುತ್ತಿದ್ದ. ತಿಂಗಳು ಬಿಟ್ಟು ಹೋದರೂ ಧೂಳು ಝಾಡಿಸಿ ತೆಗೆದುಕೊಂಡು ಬರುತ್ತಿದ್ದೆವು. ಹತ್ತು ವರ್ಷದಲ್ಲಿ ಒಂದು ಪತ್ರವೂ ಕಳೆದಿರಲಿಲ್ಲ. ಮನೆ ಕೊಂಡವರೆಲ್ಲ ಕೂಡಿ ಮಾಡಿಕೊಳ್ಳುವ ಸೊಸೈಟಿ ಎಂಬುದು ಬಂದರೆ ಪಂಪಿನ ಖೋಲಿಗೆ ಬೀಗ ಬೀಳುತ್ತದೆ, ಮೆಟ್ಟಿಲ ಬುಡದಲ್ಲಿ ಹೆಸರು ಬರೆದ ಪೆಟ್ಟಿಗೆಗಳ ಸಾಲು ಬರುತ್ತದೆ, ಆ ಸಾಲಿನಲ್ಲಿ ನಮ್ಮ ಪೆಟ್ಟಿಗೆ ಇರುವುದಿಲ್ಲ ಎಂಬುದು ನಮ್ಮ ತಲೆಗೆ ಹೊಳೆಯಲೇ ಇಲ್ಲ.

ಬೇಸಿಗೆಯಲ್ಲಿ ಜನ ಬಂದರು, ಸೊಸೈಟಿಯಾಯಿತು, ಶೆಡ್ ಕಿತ್ತರು. ನಾವು ಭೋಸರಿಗೆ ಹೋದೆವು. ಅಲ್ಲಿ ಒಂದು ಕಾರ್ಖಾನೆಯ ಕಟ್ಟಡ ಏಳುತ್ತಿತ್ತು. ತಂಗಿ ಎರಡು ಸಲ ಕೋಥರೂಡಕ್ಕೆ ಹೋಗಿ ಕೇಳಿ ಬಂದಳು. ಇನ್ನೂ ಏನೂ ಬಂದಿರಲಿಲ್ಲ. ಎರಡು ಬಸ್ಸು ಬದಲಿಸಿ ಹೋಗಿ ಬರುವುದರಲ್ಲಿ ಅವಳ ಅರ್ಧ ದಿನ ಹೋಗುತ್ತಿತ್ತು. ಪರೀಕ್ಷೆಗೆ ಎಂಟು ದಿನ ಇದ್ದಾಗ, ಒಂದು ಭಾನುವಾರ ನಾನೇ ಅಂದೆ: “ನೀ ಓದ್ಕೋತ ಕೂಡು. ನಾ ತರ್ತೀನಿ.”

ಯಾರೂ ನನ್ನನ್ನು ಕಳಿಸಲಿಲ್ಲ. ನಾನೇ ಹೋದೆ.

ಒಗೆದ ಅಂಗಿ ಹಾಕಿಕೊಂಡು ಹೋಗಿದ್ದೆ. ಗೇಟಿನಲ್ಲಿ ಖಾಕಿ ಬಟ್ಟೆಯ ಹೊಸ ವಾಚ್‌ಮನ್. ಯಾವುದೋ ಕಂಪನಿಯಿಂದ ಬಂದವನು.

“ಯಾವ ಫ್ಲ್ಯಾಟು?”

“ಫ್ಲ್ಯಾಟಲ್ಲ. ಹಿಂದಿನ ಶೆಡ್ಡು.”

“ಇಲ್ಲಿ ಶೆಡ್ ಇಲ್ಲ.”

ನಮ್ಮ ಒಲೆ ಇದ್ದ ಜಾಗದಲ್ಲಿ ಸ್ಕೂಟರುಗಳು ಸಾಲಾಗಿ ನಿಂತಿದ್ದವು. ಪತ್ರದ ವಿಷಯ ಹೇಳಿದೆ. ಅವನು ಮೊದಲ ಮಜಲಿನ ಗ್ಯಾಲರಿಯ ಕಡೆ ತಲೆ ಎತ್ತಿ ಸೆಕ್ರೆಟರಿಯವರನ್ನು ಕೂಗಿದ. ಮೇಲಿಂದ ಬಗ್ಗಿ ನೋಡಿದ ಮನುಷ್ಯ ಒಳಗೆ ತಿರುಗಿ ಹೆಂಡತಿಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು, ಅದೂ ಧಾರವಾಡದ ಕಡೆಯ ಚೊಕ್ಕ ಕನ್ನಡದಲ್ಲಿ: “ಯಾರೋ ಕೂಲಿಯಾಂವ ಬಂದಾನ. ಏನರ ಬೇಡಾಕ ಬಂದಿರಬೇಕು. ಬಾಗಲಾ ಹಾಕ್ಕೋ.”

ಕನ್ನಡ ಕೇಳಿ, ಮೂರ್ಖ ನಾನು, ಸಂತೋಷಪಟ್ಟೆ. ಬೇಡುವವನು ಎಂದದ್ದನ್ನು ನುಂಗಿಕೊಂಡೆ. ಅವರು ಮೆಟ್ಟಿಲಿಳಿದು ಬಂದರು. ಆ ಮೆಟ್ಟಿಲುಗಳನ್ನು ಕೂಡಿಸಿದವನು ನಾನು, ಒಂದೊಂದನ್ನೂ ಮಟ್ಟ ನೋಡಿ.

“ನಮಸ್ಕಾರ್ರಿ ಸಾಹೇಬ್ರ. ನಾವೂ ನಿಮ್ಮ ಕಡೆಯವರೇ ರೀ, ಕನ್ನಡದವ್ರು.”

ಅವರು ಉತ್ತರ ಕೊಟ್ಟದ್ದು ಮರಾಠಿಯಲ್ಲಿ. ಮುಂದಿನ ಮಾತೆಲ್ಲ ಮರಾಠಿಯಲ್ಲೇ. ಒಂದು ಶಬ್ದವನ್ನೂ ನನ್ನ ಜೊತೆ ಕನ್ನಡದಲ್ಲಿ ಆಡಲಿಲ್ಲ.

“ಈ ಪತ್ರ ಇಲ್ಲಿಗೆ ಯಾಕೆ ಬಂತು?” ಅವರ ಕೈಯಲ್ಲಿ ಕಂದು ಬಣ್ಣದ ಉದ್ದ ಲಕೋಟೆ ಇತ್ತು. ಮೂಲೆಯಲ್ಲಿ ಕಾಲೇಜಿನ ಮುದ್ರೆ, ನಡುವೆ ಟೈಪಾದ ಹೆಸರು. ಆ ಆಕಾರವನ್ನು ನಾನು ಎಷ್ಟು ಗೋಡೆಗಳ ಮೇಲೆ ಕಂಡಿದ್ದೆ.

“ನನ್ನ ತಂಗಿದು ಸಾಹೇಬ್ರ. ನಾವು ಇಲ್ಲೇ ಇದ್ದೆವು.”

“ಇಲ್ಲಿ ನೀವು ಇರಲಿಲ್ಲ. ಕೆಲಸಕ್ಕೆ ಬರುತ್ತಿದ್ದಿರಿ.”

“ಎರಡು ವರ್ಷ ಇಲ್ಲೇ ಇದ್ದೆವು, ಹಿಂದಿನ ಶೆಡ್ಡಿನಲ್ಲಿ.”

“ನೋಡು, ಈ ಆಟ ನನಗೆ ಗೊತ್ತು. ಮೊದಲು ಪತ್ರ ಬರುತ್ತದೆ. ಆಮೇಲೆ ಅದನ್ನು ತೋರಿಸಿ ರೇಷನ್ ಕಾರ್ಡ್ ಮಾಡಿಸುತ್ತೀರಿ. ಆಮೇಲೆ ನಾವು ಇಲ್ಲಿಯ ವಾಸಿಗಳು, ಜಾಗ ಕೊಡಿ ಅಂತ ಕೋರ್ಟಿಗೆ ಹೋಗುತ್ತೀರಿ. ಇನ್ನೊಂದು ಸೊಸೈಟಿಯಲ್ಲಿ ವಾಚ್‌ಮನ್ ಒಬ್ಬ ಹೀಗೇ ಮಾಡಿದ್ದಾನೆ. ಬರೆದುಕೊಟ್ಟು ಪತ್ರ ತೆಗೆದುಕೊಂಡು ಹೋಗು.”

ವಾಚ್‌ಮನ್ನನ ಮೇಜಿನ ಮೇಲೆ ಕಾಗದ ಇಟ್ಟು ಅವರೇ ಬರೆದರು. ಬರೆದು ಓದಿ ಹೇಳಿದರು: ನಾನಾಗಲಿ ನನ್ನ ಮನೆಯವರಾಗಲಿ ಈ ಜಾಗದಲ್ಲಿ ಎಂದೂ ವಾಸ ಮಾಡಿಲ್ಲ. ಈ ವಿಳಾಸವನ್ನು ನಾವು ಸುಳ್ಳಾಗಿ ಕೊಟ್ಟಿದ್ದೇವೆ.

“ಸಹಿ ಬರುತ್ತದೆಯೋ? ಹೆಬ್ಬಟ್ಟಾದರೂ ನಡೆಯುತ್ತದೆ.”

ನನಗೆ ಮಸಿಯ ಡಬ್ಬಿಯ ಮುಂದೆ ಚಾಚಿದ್ದ ಅವ್ವನ ಕೈ ಕಂಡಿತು. ಮೈಯೆಲ್ಲ ಬೆಂಕಿಯಾಯಿತು. ಈ ನೆಲಕ್ಕೆ ಮೊದಲು ನೀರು ಹಾಕಿದವರು ನಾವು. ಇವರ ಹೆಂಡತಿ ಕೈ ಹಿಡಿದು ಇಳಿಯುವ ಕಟಕಟೆ ನಾನು ನಿಲ್ಲಿಸಿದ್ದು. ಇವರು ಮಲಗುವ ಖೋಲಿಯಲ್ಲಿ ಒಂದು ಮಳೆಗಾಲ ನನ್ನ ಅವ್ವ ಮಲಗಿದ್ದಳು. ನಾವು ಎಂದೂ ಇಲ್ಲಿರಲಿಲ್ಲವಂತೆ. ಅದನ್ನು ನಾನೇ ಬರೆದುಕೊಡಬೇಕಂತೆ.

“ಇದಕ್ಕ ನಾ ಸಹಿ ಹಾಕೂದಿಲ್ಲ,” ಎಂದೆ ಕನ್ನಡದಲ್ಲೇ. “ನೀವು ಇಲ್ಲಿ ಬರೂಕಿಂತ ಮೊದಲ ನಾವು ಇದ್ದೀವಿ. ನಿಮಗ ಕನ್ನಡ ತಿಳೀತದ ಅನ್ನೋದೂ ನನಗ ಗೊತ್ತದ.”

ಅವರ ಮುಖ ಕೆಂಪಾಯಿತು. ಲಕೋಟೆಯನ್ನು ಅಂಗಿಯ ಕಿಸೆಗೆ ಇಟ್ಟುಕೊಂಡರು. “ಹಾಗಾದರೆ ಇಂಥವರು ಈ ವಿಳಾಸದಲ್ಲಿ ಇಲ್ಲ ಎಂದು ಬರೆದು ನಾಳೆ ಪೋಸ್ಟಿಗೆ ವಾಪಸು ಕೊಡುತ್ತೇನೆ.”

ಕೊಟ್ಟುಕೋ ಎಂದು ಹೇಳಿ ನಾನು ತಿರುಗಿದೆ. ರಸ್ತೆಯಲ್ಲಿ ನಿಂತು ನಾಲ್ಕು ಮಂದಿಗೆ ಕೇಳುವ ಹಾಗೆ ಬೈದೆ. ಬಸ್ ಸ್ಟಾಪಿನ ತನಕ ಗೆದ್ದವನ ಹಾಗೆ ಎದೆ ಸೆಟೆಸಿ ನಡೆದೆ.

ಬಸ್ಸಿನಲ್ಲಿ ಕೂತ ಮೇಲೆ, ಗೆದ್ದದ್ದೇನು ಎಂಬ ಪ್ರಶ್ನೆ ಬಂತು. ಅಷ್ಟಾದರೂ ತಡವಾಗಿರಲಿಲ್ಲ. ಮನೆಗೆ ಹೋಗಿ ನಡೆದದ್ದನ್ನು ನಡೆದ ಹಾಗೆ ಹೇಳಿದ್ದರೆ ಸಾಕಿತ್ತು. ತಂಗಿಗೆ ಸಾವಿರ ದಾರಿ ತಿಳಿಯುತ್ತಿತ್ತು. ಭೋಸರಿಗೆ ಬಂದಾಗ ಅವಳು ಗೋಣಿಚೀಲದ ಮೇಲೆ ಹಳೆಯ ಪ್ರಶ್ನೆಪತ್ರಿಕೆ ಹರಡಿಕೊಂಡು ಕೂತಿದ್ದಳು. ಪಕ್ಕದಲ್ಲಿ ಅಪ್ಪ ಎಲೆಗೆ ಸುಣ್ಣ ಹಚ್ಚುತ್ತಿದ್ದ.

“ಬಂತೇನು ಅಣ್ಣಾ?”

ಅಪ್ಪನ ಮುಂದೆ ಏನೆಂದು ಹೇಳಲಿ? ನೀ ಕಾದ ಕಟ್ಟಡದಲ್ಲಿ ನೀ ಇರಲೇ ಇಲ್ಲವಂತೆ ಎನ್ನಲೇ? ಗೇಟಿನಲ್ಲಿ ನನ್ನನ್ನು ಬೇಡುವವನೆಂದರು ಎನ್ನಲೇ? ಅವಳ ಪತ್ರ ಒಂದು ಮೊಳ ದೂರದಲ್ಲಿತ್ತು, ನಾನು ಬಾಯಿ ಮಾಡಿ ಬಂದೆ ಎನ್ನಲೇ? ನಾಲಿಗೆಗೆ ಸಲೀಸಾದದ್ದು ಒಂದೇ ಮಾತು.

“ಏನೂ ಬಂದಿಲ್ಲ.”

ನಾಳೆ ಮತ್ತೆ ಹೋಗೋಣ ಎಂದುಕೊಂಡೆ. ಮರುದಿನ ಹೋಗಲಿಲ್ಲ. ನಾಲ್ಕನೆಯ ದಿನ ಬಸ್ಸು ಬದಲಿಸುವ ಸ್ಟಾಪಿನ ತನಕ ಹೋಗಿ, ಅವರ ಮುಖ ನೆನಪಾಗಿ, ಅಲ್ಲಿಂದಲೇ ತಿರುಗಿ ಬಂದೆ. ಐದನೆಯ ದಿನ ತಂಗಿ, “ನಾ ಲಾ ಕಾಲೇಜಿಗೇ ಹೋಗಿ ಕೇಳಿ ಬರ್ತೀನಿ, ಕಳಿಸ್ಯಾರೋ ಇಲ್ಲೋ,” ಎಂದು ಚಪ್ಪಲಿ ಮೆಟ್ಟಿಕೊಂಡಳು.

ಆಗ ನಾನು ಹೇಳಿದ್ದನ್ನು ಬರೆಯಲು ಇವತ್ತಿಗೂ ಕೈ ಬರುವುದಿಲ್ಲ. “ಕರಿಯೋರಿದ್ರ ಕರೀತಿದ್ರು. ದೊಡ್ಡ ಮಂದಿ ಬಾಗಿಲಾಗ ಹೋಗಿ ಮಾರಿ ತಗ್ಗಿಸಿ ನಿಲ್ಲತೇನು? ನಮ್ಮಂಥೋರಿಗಿ ಅಲ್ಲ ಅದು.”

ನಮ್ಮಂಥವರಿಗೆ ಅಲ್ಲ. ಸೆಕ್ರೆಟರಿ ಬರೆದ ಕಾಗದಕ್ಕೆ ಸಹಿ ಹಾಕದೆ ಬಂದ ನಾನು, ಅದೇ ಕಾಗದವನ್ನು ನನ್ನ ತಂಗಿಗೆ ಓದಿ ಹೇಳಿದೆ. ಅವಳಿಗೆ ಅವಮಾನವಾಗಬಾರದೆಂದು ಹಾಗೆ ಹೇಳಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಸುಳ್ಳು. ಅವಳು ಹೋದರೆ ನನ್ನ ಸುಳ್ಳು ಹೊರಬೀಳುತ್ತಿತ್ತು, ಅಷ್ಟೇ. ಅವಳು ನನ್ನ ಮುಖವನ್ನೇ ನೋಡಿದಳು. ಅಣ್ಣ ಹೇಳಿದ್ದಾನೆ ಎಂದು ಚಪ್ಪಲಿ ಬಿಚ್ಚಿದಳು.

ಪರೀಕ್ಷೆಯ ದಿನ ನಾನು ಶೆಡ್ಡಿನ ಮುಂದೆ ಸಿಮೆಂಟು ಕಲಸುತ್ತಿದ್ದೆ. ಹತ್ತು ಗಂಟೆಗೆ ಅವಳು ಅಪ್ಪನ ಕೈಗಡಿಯಾರ ಎದುರಿಗಿಟ್ಟುಕೊಂಡು, ಹಳೆಯ ಪತ್ರಿಕೆಯೊಂದನ್ನು ಬಿಡಿಸಲು ಕೂತಳು. ತಲೆ ಎತ್ತಲಿಲ್ಲ. “ಇವತ್ತೇನು ಪರೀಕ್ಷಾ ಅದನವಾ?” ಎಂದು ಅವ್ವ ಕೇಳಿದಳು. “ಇತ್ತವಾ. ನನಗ ಕರದಿಲ್ಲ,” ಎಂದಳು ತಂಗಿ. ಸಮಯ ಮುಗಿದ ಮೇಲೆ ಕಾಗದಗಳನ್ನು ಒಟ್ಟುಮಾಡಿ, ನೂಲಿನಿಂದ ಕಟ್ಟಿ, ಟ್ರಂಕಿನಲ್ಲಿಟ್ಟಳು.

ಮುಂದಿನ ವರ್ಷ ಬರಿ ಎಂದು ಬಾಯಿಯವರು ಹೇಳಿ ಕಳಿಸಿದರು. ಬರೆಯಲಿಲ್ಲ. ಬರೆದು ಕೆಟ್ಟಿದ್ದರೆ ಮತ್ತೆ ಬರೆಯುತ್ತಿದ್ದಳೇನೋ. ಪರೀಕ್ಷೆಗೆ ಕೂಡಿಸುವಷ್ಟು ಯೋಗ್ಯತೆಯೂ ತನಗಿಲ್ಲ ಎಂದು ಅವಳು ನಂಬಿಬಿಟ್ಟಿದ್ದಳು. ಹಾಗೆ ನಂಬಿಸಿದವನು ನಾನು. ಟೈಪಿಂಗ್ ಕಲಿತಳು. ಒಂದೂವರೆ ವರ್ಷಕ್ಕೆ ಪುಣೆ ಜಿಲ್ಲೆಯ ಶಿರೂರಿನ ಅಡತಿ ಅಂಗಡಿಯ ಗುಮಾಸ್ತನೊಬ್ಬನಿಗೆ ಕೊಟ್ಟೆವು. ಒಳ್ಳೆಯ ಮನುಷ್ಯ. ಅವಳು ಅಲ್ಲಿಯ ಕೋರ್ಟಿನ ಎದುರು, ಬೇವಿನ ಮರದ ಕೆಳಗೆ ಟೈಪ್ ಮಶಿನ್ ಇಟ್ಟುಕೊಂಡು ಕೂತಳು. ಮಂದಿಯ ಅರ್ಜಿ, ಮಂದಿಯ ಪ್ರತಿಜ್ಞಾಪತ್ರ, ಅಂದರೆ ಅಫಿಡವಿಟ್ಟು. ವಕೀಲರು ಗೀಚಿ ಕೊಟ್ಟದ್ದರಲ್ಲಿ ತಪ್ಪಿದ್ದರೆ ತಿದ್ದಿ ಹೊಡೆಯುತ್ತಿದ್ದಳು. ಕೆಳಗೆ ಸಹಿ ಮಾತ್ರ ಅವರದು.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ನನಗೆ ಭೋಸರಿಯಲ್ಲಿ ಸ್ವಂತದ್ದೊಂದು ಖೋಲಿ ಆಯಿತು. ರೇಷನ್ ಕಾರ್ಡಿಗೆ ಹೋದರೆ, ಪುಣೆಯಲ್ಲಿ ಯಾವ ಯಾವ ವರ್ಷ ಎಲ್ಲೆಲ್ಲಿ ಇದ್ದಿರಿ, ಪ್ರತಿಜ್ಞಾಪತ್ರ ತನ್ನಿ ಎಂದರು. ತಂಗಿ ಇರುವಾಗ ಬೇರೆಯವರ ಹತ್ತಿರ ಯಾಕೆ ಎಂದು ಶಿರೂರಿಗೆ ಹೋದೆ. ಮಧ್ಯಾಹ್ನ, ಕೋರ್ಟು ಊಟಕ್ಕೆ ಬಿಟ್ಟಿತ್ತು. ಅವಳು ಕಾರ್ಬನ್ ಇಟ್ಟು ಕಾಗದ ಏರಿಸಿ, “ಹೇಳು,” ಎಂದಳು. ಒಂದೊಂದೇ ಸೈಟು ಹೇಳುತ್ತ ಬಂದೆ. ಕೋಥರೂಡ ಬಂದಾಗ ಅವಳೇ ಮುಂದಾಗಿ ಎರಡು ವರ್ಷ ಎಂದು ಹೊಡೆದಳು.

“ಇದಕ್ಕೇನರ ದಾಖಲಿ ಅದೇನು ಅಣ್ಣಾ? ಆ ವಿಳಾಸಕ್ಕ ನಮ್ಮ ಹೆಸರಿನ ಒಂದು ಪತ್ರ ಬಂದಿದ್ರೂ ಸಾಕಿತ್ತು.”

ನಾನು ಬಿದ್ದ ಬೇವಿನ ಕಡ್ಡಿಯೊಂದನ್ನು ಎತ್ತಿ ಮುರಿದೆ. ಅವಳು ಮಶಿನ್ನಿನಿಂದ ಕೈ ತೆಗೆದು ನನ್ನನ್ನು ನೋಡಿದಳು.

“ಬಂದಿತ್ತು,” ಎಂದೆ.

ಆಮೇಲೆ ತಡೆಯಲಾಗಲಿಲ್ಲ. ಗೇಟು, ಗ್ಯಾಲರಿ, ಅವನ ಕನ್ನಡ, ಅವನ ಮರಾಠಿ, ಹೆಬ್ಬಟ್ಟಾದರೂ ನಡೆಯುತ್ತದೆ ಎಂದದ್ದು, ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ದನಿ ಏರಿತು. ಅಕ್ಕಪಕ್ಕದ ಟೈಪಿನವರು ತಿರುಗಿ ನೋಡಿದರು. ಎಂಥ ನೀಚ ಮನುಷ್ಯ, ನಮ್ಮ ಭಾಷೆಯವನೇ ಆಗಿ, ನಾವು ಕಟ್ಟಿದ ಮನೆಯಲ್ಲೇ ನಿಂತು...

“ಆ ಕ್ಯಾಗದದಾಗ ಏನು ಬರದಿದ್ದ?” ಎಂದು ಕೇಳಿದಳು.

ಹೇಳಿದೆ.

“ನೀ ಸಹಿ ಹಾಕಿದೇನು?”

“ಇಲ್ಲ.”

“ಅದು ಬರೋಬ್ಬರಿ ಮಾಡಿದಿ. ವಿಳಾಸ ಸುಳ್ಳು ಅಂತ ಬರದುಕೊಟ್ಟಿದ್ರ ನನ್ನ ಅರ್ಜಿನೇ ಕೆಡ್ತಿತ್ತು.” ಏರಿಸಿದ ಕಾಗದವನ್ನು ಸರಿಮಾಡಿದಳು. “ಎಷ್ಟು ದಿನ ಉಳದಿತ್ತು ಆಗ?”

“ಎಂಟು.”

“ಎಂಟು ದಿನ. ಒಂದು ಫೋಟೋ ಒಯ್ದಿದ್ರ ಕಾಲೇಜಿನಾಗ ಎರಡನೇ ಪ್ರತಿ ಕೊಡ್ತಿದ್ರು ಅಣ್ಣಾ. ಒಂದು ತಾಸಿನ ಕೆಲಸ.” ಅವಳು ತನ್ನ ಕಾಲಿನ ಕಡೆ ನೋಡಿದಳು. “ನಾ ಚಪ್ಪಲಿ ಮೆಟ್ಟಿದ್ದೆ ಆವತ್ತು.”

ನಾನು ಮತ್ತೆ ಶುರು ಮಾಡಿದೆ. ಆ ಮನುಷ್ಯ ಅಷ್ಟು ಉರಿಸದಿದ್ದರೆ, ಅವನು ಆ ಮಾತು ಆಡದಿದ್ದರೆ...

“ಅವನದು ಬಿಡು,” ಎಂದಳು ತಂಗಿ. “ಅವ ನನಗೇನೂ ಆಗಬೇಕಾಗಿಲ್ಲ. ಅವನ ಮ್ಯಾಲ ನಾ ಯಾವ ಭರೋಸಾನೂ ಇಟ್ಟಿದ್ದಿಲ್ಲ. ನಿನ್ನದು ಹೇಳು.”

ಮರದ ಕೆಳಗೆ, ನಾಲ್ಕು ಮಂದಿ ಕೇಳುತ್ತಿರುವಾಗ, ನನ್ನ ಹತ್ತಿರ ಉಳಿದದ್ದು ನನ್ನದಷ್ಟೇ. ನಾನು ಎದ್ದು ನಿಂತೆ.

“ಪತ್ರ ಬಂದಿತ್ತು. ಬಂದಿಲ್ಲ ಅಂತ ನಾ ಸುಳ್ಳು ಹೇಳಿದೆ. ಕೇಳಲಕ ಹೊಂಟೋಳಿಗಿ ಅಡ್ಡ ನಿಂತೆ. ನಮ್ಮಂಥೋರಿಗಿ ಅಲ್ಲ ಅಂದೆ. ನಿನ್ನ ಪರೀಕ್ಷಾ ತಪ್ಪಿಸಿದಾಂವ ಆ ಸೆಕ್ರೆಟರಿ ಅಲ್ಲ, ನಾನು. ತಪ್ಪಾತು ತಂಗಿ, ನನ್ನದು ತಪ್ಪಾತು.”